ಹಳದಿ ಬೆಲ್ಲದ ಹೊಳಿಯಪ್ಪ

ಮೇಡ್ಲೇರಿ ಸುತ್ತಿನ ಗಾಣಗಳಲ್ಲಿ ಬೆಲ್ಲ ಕಾಸುವವರು ಹತ್ತಾರು ಮಂದಿ ಇದ್ದರು. ಹೆಸರು ಇದ್ದದ್ದು ಮಾತ್ರ ಹೊಳಿಯಪ್ಪನಿಗೆ. ಸ್ವಂತ ಕಬ್ಬಿಲ್ಲ, ಸ್ವಂತ ಗಾಣವಿಲ್ಲ, ಇದ್ದದ್ದು ಹದ ತಿಳಿಯುವ ಕಣ್ಣೊಂದೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತ ಬಂದಾಗ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿ, "ಇಳಸ್ರಿ" ಎಂದನೆಂದರೆ ಮುಗಿಯಿತು, ಕಬ್ಬಿನ ಮಾಲೀಕನೂ ಎದುರಾಡುತ್ತಿರಲಿಲ್ಲ. ಅವನು ಇಳಿಸಿದ ಬೆಲ್ಲ ಅರಿಶಿನ ಸವರಿದಂತೆ ಹಳದಿ. ಸುಗ್ಗಿಯ ನಾಲ್ಕು ತಿಂಗಳು ದೊಡ್ಡ ದೊಡ್ಡ ಹೊಲದವರೆಲ್ಲ ಅವನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದರ ಬಿಗುಮಾನ ಅವನಿಗೆ ತುಸು ಇತ್ತು. ಇರಲಿ ಬಿಡಿ, ಬಡವನಿಗೆ ಅಷ್ಟೂ ಇರಬಾರದೇ?

ಆ ಹಳದಿ ಬರೀ ಕೈಗುಣದ್ದಲ್ಲ. ಅವನ ಅಪ್ಪನ ಕಾಲದಲ್ಲಿ ಬೆಂಡೆಗಿಡ ಜಜ್ಜಿದ ಲೋಳೆ ಹಾಕಿ ಕಬ್ಬಿನ ಹಾಲಿನ ಕಸ ತೆಗೆಯುತ್ತಿದ್ದರು. ಬೆಲ್ಲ ಕೆಂಪಗೋ ಕಪ್ಪಗೋ ಆಗುತ್ತಿತ್ತು, ಜನ ತಿನ್ನುತ್ತಿದ್ದರು. ಎಂಬತ್ತನೇ ಇಸವಿಯ ಹೊತ್ತಿಗೆ ಪೇಟೆಯವರ ಕಣ್ಣು ಬದಲಾಯಿತು, ಡಬ್ಬಿಯಲ್ಲಿ ಬಿಳಿ ಪುಡಿ ಬಂತು. ಅದಕ್ಕೆ ಹೈಡ್ರೋಸ್ ಎನ್ನುತ್ತಿದ್ದರು. ಕುದಿಯುವ ಪಾಕಕ್ಕೆ ಒಂದಿಷ್ಟು ಉದುರಿಸಿದರೆ ಸಾಕು, ಕಪ್ಪೆಲ್ಲ ಹೇಳದೆ ಕೇಳದೆ ಓಡಿಹೋಗುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ಬೆಂಕಿಕಡ್ಡಿ ಗೀರಿದಂಥ ಘಾಟು ಗಂಟಲಿಗೆ ಹತ್ತುತ್ತಿತ್ತು. ಹೊಳಿಯಪ್ಪ ರುಮಾಲಿನ ಚುಂಗನ್ನು ಮೂಗಿಗೆ ಹಿಡಿದು ಪುಡಿ ಹಾಕುತ್ತಿದ್ದ, ಎರಡು ಸಲ ಕೆಮ್ಮುತ್ತಿದ್ದ, ಮರೆತುಬಿಡುತ್ತಿದ್ದ.

ಅವನಿಗೂ ಹೆಂಡತಿ ಗುತ್ತೆವ್ವನಿಗೂ ಇದ್ದವಳು ಒಬ್ಬಳೇ ಮಗಳು, ಪ್ರೇಮವ್ವ. ಅವಳಿಗೆ ಎಂಟು ವರ್ಷವಿದ್ದಾಗ, ನಾಗರಪಂಚಮಿಯ ದಿನ, ಶೇಂಗಾದ ಉಂಡಿ ತಿಂದು ಜೋಕಾಲಿ ಏರಿದವಳಿಗೆ ಇಳಿಯುವಷ್ಟರಲ್ಲಿ ಎದೆ ಸುಂಯ್‌ಗುಡತೊಡಗಿತ್ತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಲ್ಲೆನ್ನುತ್ತಿತ್ತು. ಮರುವರ್ಷದ ಪಂಚಮಿಗೂ ಅದೇ. ಊರವರಿಗೆ ಇನ್ನೇನು ಬೇಕು? ಗಾಣದ ಕಬ್ಬಿನ ರಾಶಿಯಲ್ಲಿ ಹೊಳಿಯಪ್ಪನ ಅಪ್ಪ ಯಾವತ್ತೋ ಒಂದು ಹಾವು ಹೊಡೆದದ್ದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ನಾಗದೋಷ ಎಂದರು. ಹೊಳಿಯಪ್ಪ ನಾಗರಕಲ್ಲು ನಿಲ್ಲಿಸಿದ, ಹಾಲೆರೆದ. ದಮ್ಮು ಬರುವುದು ನಿಲ್ಲಲಿಲ್ಲ, ಪಂಚಮಿ ಅಲ್ಲದ ದಿನಗಳಲ್ಲೂ ಬರತೊಡಗಿತು.

ಕೊನೆಗೆ ರಾಣೆಬೆನ್ನೂರಿನ ಡಾಕ್ಟರರ ಹತ್ತಿರ ಹೋದರು. ಅವರು ಸೂಜಿ ಮಾಡಿ, ಗುಳಿಗೆ ಕೊಟ್ಟು, ತಾಳ್ಮೆಯಿಂದ ಹೇಳಿದರು. "ದಮ್ಮು ಇದ್ದವರೊಳಗ ಕೆಲವರಿಗೆ ತಿನ್ನೂ ಪದಾರ್ಥದಿಂದನೂ ಏಳತೈತಿ. ಒಬ್ಬರಿಗೆ ತತ್ತಿ, ಒಬ್ಬರಿಗೆ ಶೇಂಗಾ, ಒಬ್ಬರಿಗೆ ಹಾಲು, ಮೀನ. ಎಲ್ಲಾ ಎಲ್ಲಾರಿಗೂ ಆಗಂಗಿಲ್ಲ. ಒಂದೊಂದs ಬಿಟ್ಟು ನೋಡ್ರಿ, ಯಾವುದಂತ ಸಿಗತೈತಿ."

ಗುತ್ತೆವ್ವ ಒಂದೊಂದಾಗಿ ಬಿಡಿಸಿದಳು. ಶೇಂಗಾ ಹೋಯಿತು, ತತ್ತಿ ಹೋಯಿತು, ಹಾಲು ಹೋಯಿತು. ತಂಪು ಎಂದು ನೆರೆಮನೆಯವರು ಅಂದದ್ದಕ್ಕೆ ಬಾಳೆಹಣ್ಣು, ಮೊಸರೂ ಹೋದವು. ಹುಡುಗಿಯ ತಾಟಿನಲ್ಲಿ ರೊಟ್ಟಿ ಮತ್ತು ಬ್ಯಾಳಿ ಉಳಿದವು, ಹುಡುಗಿ ಕಡ್ಡಿಯಾದಳು. ಆದರೆ ಸಂಜೆಯ ಕಷಾಯ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಶುಂಠಿ, ಮೆಣಸು, ಮತ್ತು ಹೊಳಿಯಪ್ಪ ಮಗಳಿಗೆಂದೇ ಆರಿಸಿ ತಂದ, ಎಲ್ಲಕ್ಕಿಂತ ಹಳದಿಯಾದ ಬೆಲ್ಲ. ಅದು ಔಷಧ. ಔಷಧವನ್ನು ಯಾರಾದರೂ ಬಿಡುತ್ತಾರೆಯೇ? ಕಷಾಯ ಕುಡಿದ ಮೇಲೆ ದಮ್ಮು ಹೆಚ್ಚಾದರೆ ಗುತ್ತೆವ್ವ ಇನ್ನೊಂದು ಲೋಟ ಮಾಡುತ್ತಿದ್ದಳು.

ಒಂದು ಬೇಸಿಗೆ ಗುತ್ತೆವ್ವ ತಂಗಿಯ ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ತವರಾದ ಹೊಸರಿತ್ತಿಗೆ ಹೋದಳು. ಎರಡು ತಿಂಗಳು ಪ್ರೇಮವ್ವನಿಗೆ ಒಂದು ಸಲವೂ ದಮ್ಮು ಬರಲಿಲ್ಲ. ಅಲ್ಲಿ ಅಜ್ಜಿ ಗಡಿಗೆಯಲ್ಲಿಟ್ಟಿದ್ದ ಹಳೆಯ ಕರಿ ಬೆಲ್ಲದಲ್ಲೇ ಕಷಾಯ ಮಾಡುತ್ತಿದ್ದಳು. ಊರಿಗೆ ಬಂದ ದಿನ, ಬಿಸಿಲಲ್ಲಿ ಬಂದ ಮಗಳಿಗೆ ಹೊಳಿಯಪ್ಪನೇ ಪ್ರೀತಿಯಿಂದ ನೀರು ಬೆಲ್ಲ ಕೊಟ್ಟ. ಅರ್ಧ ತಾಸಿನಲ್ಲಿ ಅವಳನ್ನು ಹೊತ್ತುಕೊಂಡು ರಾಣೆಬೆನ್ನೂರಿಗೆ ಓಡಬೇಕಾಯಿತು.

ಡಾಕ್ಟರರು ಎಲ್ಲ ಕೇಳಿದರು. ಆಮೇಲೆ ಹೊಳಿಯಪ್ಪನ ಕಡೆ ತಿರುಗಿ, "ಬೆಲ್ಲಕ್ಕ ಏನ್ ಹಾಕ್ತೀರಿ?" ಎಂದರು.

ಹೊಳಿಯಪ್ಪ ಹೇಳಿದ. ಹೇಳುತ್ತಿದ್ದಾಗಲೇ ಆ ಡಬ್ಬಿಯ ಘಾಟು ಅವನ ಗಂಟಲಿಗೆ ಬಂದು ನಿಂತಿತು. ಮಂಚದ ಮೇಲೆ ಮಗಳು ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದಳು. "ಆ ಪುಡಿನೂ ಕೆಲವರಿಗೆ ದಮ್ಮು ಎಬ್ಬಸತೈತಿ," ಎಂದರು ಡಾಕ್ಟರರು. ಇಷ್ಟು ವರ್ಷ ಅವಳ ಬಾಯಿಗೆ ಅದನ್ನು ಹಾಕಿದವನು ತಾನೇ ಎಂದು ಅವನಿಗೆ ತಿಳಿಯಿತು.

ಆ ಸುಗ್ಗಿಯಲ್ಲಿ ಪುಡಿ ಹಾಕದೆ ಒಂದು ಕೊಪ್ಪರಿಗೆ ಇಳಿಸಿದ. ಬೆಲ್ಲ ಕಪ್ಪಗಾಯಿತು. ಪೇಟೆಯ ದಲಾಲಿ ಬೆಲ್ಲದ ಪೆಂಟಿಯನ್ನು ಉಗುರಿನಿಂದ ಕೆರೆದು, "ಇದನ್ನ ದನಕ್ಕ ಹಾಕ್ರಿ" ಎಂದ. ಕಬ್ಬಿನ ಮಾಲೀಕ ಎಲ್ಲರ ಎದುರಿಗೇ ಕೂಗಾಡಿದ. "ನಿನ್ನ ಮಗಳಿಗೆ ಬೇಕಂದ್ರ ನೀ ಬ್ಯಾರೆ ಕಾಸ್ಕೋ. ನನ್ನ ಕಬ್ಬಿನ ಮ್ಯಾಲ ಯಾಕ ಇದೆಲ್ಲಾ?"

ಅಷ್ಟೇ ಆಯಿತು. ಮನೆಗೆಂದು ಹೊಳಿಯಪ್ಪ ಸಣ್ಣ ಪಾತ್ರೆಯಲ್ಲಿ ಕರಿ ಬೆಲ್ಲ ಕಾಸಿಕೊಂಡ, ಊರಿಗೆಲ್ಲ ಹಳದಿಯದನ್ನೇ ಇಳಿಸಿದ. ಅವನು ಒಲ್ಲೆ ಎಂದರೆ ಆ ಕೆಲಸಕ್ಕೆ ಅವನೇ ಕಲಿಸಿದ ಹುಡುಗರು ನಾಲ್ಕು ಮಂದಿ ಸಾಲುಗಟ್ಟಿ ನಿಂತಿದ್ದರು. ಮನೆಯಲ್ಲಿ ದಮ್ಮು ನಿಂತಿತು. ಆದರೆ ಹುಡುಗಿ ಮನೆಯಲ್ಲೇ ಕೂತಿರುತ್ತಾಳೆಯೇ? ಗುಡಿಯ ಪ್ರಸಾದದಲ್ಲಿ ಬೆಲ್ಲ, ಗೆಳತಿಯ ಮನೆಯ ಹೋಳಿಗೆಯಲ್ಲಿ ಬೆಲ್ಲ. ಎಲ್ಲಿ ಹೋದರೂ ಅವನ ಕೈಯದೋ, ಅವನಂಥವರ ಕೈಯದೋ. ಪ್ರೇಮವ್ವ ಹಲ್ಲು ನೋವು ಎಂದು ಸುಳ್ಳು ಹೇಳಲು ಕಲಿತಳು. ಬೆಲ್ಲ ಕಾಸುವವನ ಮಗಳಿಗೆ ಹಲ್ಲೆಲ್ಲ ಹುಳುಕು ಎಂದು ಊರು ನಕ್ಕಿತು. ನಗಲಿ ಎಂದು ಗುತ್ತೆವ್ವ ಸುಮ್ಮನಿದ್ದಳು, ದಮ್ಮು ಎಂಬ ಮಾತು ಹೊರಗೆ ಬಿದ್ದರೆ ಲಗ್ನವಾಗುವುದಿಲ್ಲ ಎಂಬ ಭಯ ಅವಳಿಗೆ.

ಆ ಭಯ ಸುಳ್ಳೂ ಆಗಲಿಲ್ಲ. ದಮ್ಮಿನ ಸುದ್ದಿ ಹೇಗೋ ಕಿವಿಗೆ ಬಿದ್ದು ಎರಡು ಸಂಬಂಧ ತಪ್ಪಿಹೋದವು. ಮೂರನೆಯದು ಬಂದದ್ದು ತೊಂಬತ್ತಮೂರರ ಚಳಿಗಾಲದಲ್ಲಿ, ಬ್ಯಾಡಗಿಯಿಂದ. ಹುಡುಗ ಫಕ್ಕೀರೇಶ ಮೆಣಸಿನಕಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯ ಹುಡುಗ. ಅವನ ಅಜ್ಜಿ ಮೈಲವ್ವ ಹಾಸಿಗೆ ಹಿಡಿದಿದ್ದಳು. ಅವಳ ಕಣ್ಣೆದುರಿಗೆ ಮಾತು ಗಟ್ಟಿಯಾಗಲಿ ಎಂದು ಹೆಣ್ಣಿನವರನ್ನೇ ಬ್ಯಾಡಗಿಗೆ ಕರೆಸಿದರು. ಗುತ್ತೆವ್ವನಿಗೆ ಮೆಣಸಿನಕಾಯಿ ಘಾಟಿನದೇ ಚಿಂತೆ. ಬಸ್ಸಿಳಿದದ್ದೇ ಮಗಳ ಮೂಗಿಗೆ ಸೆರಗು ಹಿಡಿದಳು, ತಾನು ಹತ್ತು ಸಲ ಸೀನಿದಳು. ಪ್ರೇಮವ್ವನಿಗೆ ಏನೂ ಆಗಲಿಲ್ಲ.

ಮನೆ ತುಂಬ ಮಂದಿ. ಉಡಿ ತುಂಬಿದರು. ಆಮೇಲೆ ಮೈಲವ್ವ ಗೋಡೆಗೊರಗಿ ಎದ್ದು ಕೂತು, ತಾಟಿನಿಂದ ಬೆಲ್ಲದ ಚೂರು ಎತ್ತಿಕೊಂಡಳು. ಹುಡುಗಿಯ ಬಾಯಿ ಸಿಹಿ ಮಾಡಿದರೆ ಮಾತು ಗಟ್ಟಿಯಾದಂತೆ. ಆ ಬೆಲ್ಲ ಹಳದಿ ಇರುವುದನ್ನು ಹೊಳಿಯಪ್ಪ ನೋಡಿದ.

"ಆಯೀ," ಎಂದ.

ಎಲ್ಲರೂ ಅವನ ಕಡೆ ತಿರುಗಿದರು. "ಏನ್ರೀ ಬೀಗರ?" ಎಂದಳು ಮೈಲವ್ವ.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು, ನನ್ನ ಮಗಳಿಗೆ ದಮ್ಮು ಐತಿ. ಗುತ್ತೆವ್ವ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಫಕ್ಕೀರೇಶ ನಗುತ್ತ ಕೂತಿದ್ದ. "ಏನಿಲ್ಲರಿ," ಎಂದ ಹೊಳಿಯಪ್ಪ, "ತುಸು ಸಣ್ಣ ಚೂರು ಸಾಕ್ರಿ. ಅಕಿ ಸಿಹಿ ತಿನ್ನೂದು ಕಡಿಮಿ."

ಮನೆಯೆಲ್ಲ ಘೊಳ್ಳೆಂದು ನಕ್ಕಿತು. "ಬೆಲ್ಲದ ಹೊಳಿಯಪ್ಪನ ಮಗಳು ಸಿಹಿ ತಿನ್ನಂಗಿಲ್ಲಂತ ಕೇಳ್ರವ್ವಾ!" ಎಂದು ಮೈಲವ್ವ ಚೂರನ್ನು ತಾಟಿಗಿಟ್ಟು, ಅದರ ಎರಡರಷ್ಟು ದೊಡ್ಡದನ್ನು ಎತ್ತಿಕೊಂಡಳು. "ನಮ್ಮ ಮನ್ಯಾಗ ಕಲೀತಾಳ ತಗೋರಿ. ಬಾಯಿ ತಗಿಯವ್ವಾ."

ಪ್ರೇಮವ್ವ ಅಪ್ಪನನ್ನು ಒಂದು ಗಳಿಗೆ ನೋಡಿದಳು. ಹೊಳಿಯಪ್ಪ ಕಣ್ಣು ಕೆಳಗೆ ಹಾಕಿದ. ಅವಳು ಬಾಯಿ ತೆರೆದಳು.

ಆಮೇಲೆ ಊಟ, ಎಲೆಯಡಿಕೆ, ಹೆಂಗಸರ ಮಾತು. ಹೊಳಿಯಪ್ಪ ಪಡಸಾಲೆಯಲ್ಲಿ ಕೂತು ಮಗಳ ಹೆಗಲುಗಳನ್ನೇ ನೋಡುತ್ತಿದ್ದ. ಅವು ಮೆಲ್ಲಗೆ ಏರತೊಡಗಿದವು. ಅವಳು ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿಹಿಡಿದು ಕೂತಳು. ಕೇಳಿದ್ದಕ್ಕೆಲ್ಲ "ಹೂನ್ರಿ", "ಇಲ್ರಿ" ಎಂದಳು, ಅದಕ್ಕಿಂತ ಉದ್ದದ ಮಾತಿಗೆ ಅವಳಲ್ಲಿ ಉಸಿರಿರಲಿಲ್ಲ. "ಎಷ್ಟ ಕಡಿಮಿ ಮಾತಾಡ್ತಾಳ ನೋಡ್ರಿ," ಎಂದು ಹುಡುಗನ ತಾಯಿ ಹಿಗ್ಗಿದಳು. "ನಮಗ ಇಂಥಾ ಸೊಸಿನs ಬೇಕಾಗಿತ್ತು." ಬರುವ ತಿಂಗಳೇ ಲಗ್ನ ಎಂದಾಯಿತು.

ಅಂತೂ ಹೊರಬಿದ್ದು ಓಣಿ ತಿರುಗಿದ್ದೇ ತಡ, ಅವಳು ಒಂದು ಕಟ್ಟೆಯ ಮೇಲೆ ಕುಸಿದಳು. ಗುತ್ತೆವ್ವ ಗುಳಿಗೆ ನುಂಗಿಸಿದಳು. ಹೊಳಿಯಪ್ಪ ಬೆನ್ನು ಸವರುತ್ತ ಕೂತ, ಕೈ ಕೆಳಗೆ ಮಗಳ ಎದೆ ಸುಂಯ್‌ಗುಡುತ್ತಿತ್ತು. ಆ ಕೈಯನ್ನು ಅವಳ ಬೆನ್ನ ಮೇಲಿಡಲೂ ಅವನಿಗೆ ನಾಚಿಕೆಯಾಯಿತು. ಒಂದು ತಾಸಿಗೆ ಉಸಿರು ಸಡಿಲಾಯಿತು.

"ಅವರ ಮನ್ಯಾಗ ಚಾಕ್ಕ ಸಕ್ರಿ ಹಾಕಂಗಿಲ್ಲಂತಪ್ಪಾ," ಎಂದಳು ಪ್ರೇಮವ್ವ. "ದಿನಾ ಬೆಲ್ಲನ ಅಂತ."

ಗುತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

"ನಾ ಹೇಳ್ತೇನವ್ವಾ," ಎಂದ ಹೊಳಿಯಪ್ಪ. "ಲಗ್ನದ ಮುಂಚೇನ ಒಂದಿನ ಬಂದು, ಕುಂತು, ಎಲ್ಲಾ ಬಿಡಿಸಿ ಹೇಳ್ತೇನಿ."

ಪ್ರೇಮವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟು, ಸಣ್ಣ ಹುಡುಗನಿಗೆ ತಿಳಿಹೇಳುವಂತೆ ಹೇಳಿದಳು.

"ಬಿಡಪ್ಪಾ. ಹೇಳಾವ ಇದ್ರ ನೀ ಇವತ್ತs ಹೇಳ್ತಿದ್ದಿ."