ಖಾಲಿ ಮರಳಿಸಬಾರದ ಡಬ್ಬಿ

ನಾನು ಪವಾಡಗಳನ್ನು ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತಾರು ವರ್ಷದಿಂದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡು ಬಂದಿದ್ದೇನೆ. ನಂಬಲಾಗದ ಫಲಿತಾಂಶ ಬಂದರೆ ಸ್ಯಾಂಪಲ್ ಅದಲುಬದಲಾಗಿರಬೇಕು, ಇಲ್ಲವೇ ಮಶೀನು ಕೆಟ್ಟಿರಬೇಕು ಎಂದು ತಿಳಿಯುವುದು ನಮ್ಮ ಕಸುಬಿನ ಅಭ್ಯಾಸ. ಇಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ಯಾರಾದರೂ ಕನಸಿನಲ್ಲಿ ಗುರುಗಳು ಬಂದ ಕಥೆ ಶುರುಮಾಡಿದರೆ, ನಾನು ಮಜ್ಜಿಗೆ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಅಂಥವಳು ಈಗ ನಿಮ್ಮ ಮುಂದೆ ಒಂದು ಸ್ಟೀಲ್ ಡಬ್ಬಿಯ ಕಥೆ ಹಿಡಿದು ಕೂತಿದ್ದೇನೆ. ನಗಬೇಕೆನಿಸಿದರೆ ನಗಿ, ಆದರೆ ಪೂರ್ತಿ ಓದಿದ ಮೇಲೆ ನಗಿ.

ಹನ್ನೊಂದು ವರ್ಷದ ಹಿಂದೆ ನಾನು ಡ್ಯಾನ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆ. ಆ ವರ್ಷ ನನ್ನ ಗಂಡ ನನ್ನನ್ನು ಬಿಟ್ಟುಹೋದ. ಜಗಳವಿಲ್ಲ, ಕೂಗಾಟವಿಲ್ಲ, ಒಂದು ಭಾನುವಾರ ಎರಡು ಸೂಟ್‌ಕೇಸು ಕಾರಿಗೆ ಹಾಕಿಕೊಂಡು ಹೊರಟ, ಅಷ್ಟೆ. ನಮ್ಮ ಕನ್ನಡದ ಮನೆಗಳಲ್ಲಿ ಸುದ್ದಿ ಹಬ್ಬಲು ಒಂದು ವಾರ ಸಾಕಾಯಿತು. ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ ಎಂದು ಬರುತ್ತಿದ್ದ ಕರೆಗಳು ನಿಂತವು. ಅವರದೇನೂ ಕೆಟ್ಟ ಮನಸ್ಸಿರಲಿಲ್ಲ. ನನ್ನನ್ನು ಕಂಡರೆ ಏನು ಮಾತಾಡಬೇಕೆಂದೇ ಅವರಿಗೆ ತೋಚುತ್ತಿರಲಿಲ್ಲ. ಬಂದವರು ಮೇಲಿನ ಮಹಡಿಯ ವಿಮಲಕ್ಕ ಒಬ್ಬರೇ.

ವಿಮಲಕ್ಕ ಮಂಗಳೂರಿನವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಮಗಳು ಶ್ವೇತಾಳ ಜೊತೆಗಿದ್ದರು. ಒಂದು ಬೆಳಿಗ್ಗೆ ಬಾಗಿಲು ತಟ್ಟಿ, ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಎಂತ ಮಾರಾಯ್ತಿ, ಮುಖ ನೋಡು ನಿನ್ನದು. ಮೊದಲು ತಿನ್ನು, ಅಳುವುದೆಲ್ಲ ಆಮೇಲೆ," ಎಂದರು. ಒಳಗೆ ಕೊಟ್ಟೆ ಕಡುಬು, ಹಲಸಿನ ಎಲೆಯ ದೊನ್ನೆಯಲ್ಲಿ ಬೇಯಿಸುವ ಇಡ್ಲಿಯಂಥದ್ದು. ಇಲ್ಲಿ ಹಲಸಿನ ಎಲೆ ಎಲ್ಲಿಂದ ತರುವುದು? ಮೆಕ್ಸಿಕನ್ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುವ ಮುಸುಕಿನ ಜೋಳದ ಒಣ ಸಿಪ್ಪೆಯನ್ನು ನೆನೆಸಿ, ಅದರಲ್ಲಿ ಹಿಟ್ಟು ಸುರಿದು ಬೇಯಿಸುತ್ತಿದ್ದರು. ಡಬ್ಬಿಯ ಮುಚ್ಚಳದ ಮೇಲೆ, ನಮ್ಮಲ್ಲಿ ಎಲ್ಲರೂ ಪಾತ್ರೆಗೆ ಹೆಸರು ಹಾಕಿಸುವಂತೆ, ಚುಕ್ಕೆಚುಕ್ಕೆಯಾಗಿ 'ವಿಮಲಾ' ಎಂದು ಕೊರೆಸಿತ್ತು. ಕೊನೆಯ ಅಕ್ಷರದಿಂದ ಒಂದು ಗೆರೆ ಜಾರಿ ಮುಚ್ಚಳದ ಅಂಚಿನವರೆಗೆ ಓಡಿತ್ತು. ಮದುವೆಯ ಪಾತ್ರೆಗೆ ಹೆಸರು ಕೊರೆಯುವಾಗ ಅಂಗಡಿಯವನಿಗೆ ಸೀನು ಬಂದು ಕೈ ಜಾರಿತಂತೆ. ವಿಮಲಕ್ಕ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಆ ಕಡುಬನ್ನು ನಾನು ತಿನ್ನಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಫ್ರಿಜ್ಜಿನಲ್ಲಿಟ್ಟೆ, ವಾರ ಕಳೆದು ಬೂಸ್ಟು ಬಂತು, ಕಸಕ್ಕೆ ಹಾಕಿದೆ. ಡಬ್ಬಿ ತೊಳೆದಿಟ್ಟೆ. ಆದರೆ ಅದನ್ನು ಹಿಂದಿರುಗಿಸುವುದು ಹೇಗೆ? ತಿಂಡಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಕೊಡಬಾರದು ಎಂದು ನಮ್ಮಮ್ಮ ಕಲಿಸಿದ್ದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ವಿಮಲಕ್ಕನ ಕಡುಬಿಗೆ ಬರೀ ಸಕ್ಕರೆಯೇ ಎನಿಸಿತು. ಒಂದು ಸಲ ಕೇಸರಿಬಾತು ಮಾಡಲು ಹೋದೆ, ತಳ ಹಿಡಿಯಿತು. ಮುಂದಿನ ಶನಿವಾರ, ಅದರ ಮುಂದಿನ ಶನಿವಾರ ಎಂದು ನಾಲ್ಕು ತಿಂಗಳಾಯಿತು. ಆಮೇಲೆ ಪಾರ್ಕಿಂಗಿನಲ್ಲಿ ಅವರ ಸೀರೆಯ ಸೆರಗು ಕಂಡರೆ ಕಾರಿನಲ್ಲೇ ಕೂತಿರುತ್ತಿದ್ದೆ. ದೇವಸ್ಥಾನದಲ್ಲಿ ಕಂಡರೆ ಕಂಬದ ಆಚೆ ಹೋಗುತ್ತಿದ್ದೆ. ನನ್ನ ಪಾಲಿಗಿದ್ದ ಒಬ್ಬರನ್ನೂ ಹೀಗೆ ನಾನೇ ಕೈಯಾರೆ ಕಳೆದುಕೊಂಡೆ. ಬರ್ಕ್ಲಿಗೆ ಮನೆ ಬದಲಿಸಿದಾಗ, ದಾನಕ್ಕೆಂದು ತುಂಬಿದ ರಟ್ಟಿನ ಪೆಟ್ಟಿಗೆಗೆ ಆ ಡಬ್ಬಿಯನ್ನೂ ಹಾಕಿಬಿಟ್ಟೆ. ಗೊತ್ತಿಲ್ಲದೆ ಹೋಯಿತು ಎನ್ನುವಂತಿಲ್ಲ. ಹೆಸರು ಕಾಣದಂತೆ ಮುಚ್ಚಳವನ್ನು ತಿರುಗಿಸಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ನಾಲ್ಕು ವರ್ಷದ ಹಿಂದೆ ನನಗೆ ಅಮೆರಿಕದ ಪಾಸ್‌ಪೋರ್ಟು ಬಂತು. ಆಫೀಸಿನವರು ಕೇಕು ಕತ್ತರಿಸಿ, "ಎಲ್ಲಾದರೂ ಹೋಗಿ ಬಾ," ಎಂದರು. ಮೆಕ್ಸಿಕೋದ ಬೆಟ್ಟಗಳ ನಡುವಿನ ಒಂದು ಸಣ್ಣ ಊರಿಗೆ ಟಿಕೆಟು ತೆಗೆದೆ. ಹೋಗುವ ಮುಂಚೆ ಒಂದು ತಿಂಗಳು, ಅಮೆರಿಕದ ಪ್ರವಾಸಿಗಳು ಹೊರದೇಶದಲ್ಲಿ ಸ್ಥಳೀಯರ ಹಾಗೆ ಕಾಣುವುದು ಹೇಗೆ ಎಂಬ ವಿಡಿಯೋಗಳನ್ನು ನೋಡಿದೆ. ಬಿಳಿ ಓಟದ ಬೂಟು ಬೇಡ, ಟೋಪಿ ಬೇಡ, ದೊಡ್ಡ ನೀರಿನ ಬಾಟಲು ಬೇಡ, ಎಲ್ಲರನ್ನೂ ನೋಡಿ ಹಲ್ಲು ಕಿರಿಯಬೇಡಿ, ಐಸು ಕೇಳಬೇಡಿ. ನನಗೆ ನಗು. ಇಷ್ಟು ವರ್ಷ ಅಮೆರಿಕದಲ್ಲಿದ್ದರೂ ನನ್ನನ್ನು ಅಮೆರಿಕದವಳು ಎಂದು ಒಬ್ಬರೂ ತಿಳಿದಿರಲಿಲ್ಲ. ಈಗ ಅದನ್ನು ಮುಚ್ಚಿಡುವ ಪಾಠ! ಇಲ್ಲಿನ ಗ್ರೋಸರಿ ಅಂಗಡಿಯಲ್ಲೇ ನನ್ನ ಬಣ್ಣ ನೋಡಿ, ಮೆಕ್ಸಿಕೋದವಳೆಂದು ತಿಳಿದು ಎಷ್ಟೋ ಜನ ಸ್ಪ್ಯಾನಿಷ್‌ನಲ್ಲಿ ಮಾತಾಡಿಸುತ್ತಾರೆ.

ಅಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಬೆರೆತುಬಿಟ್ಟೆ. ಹತ್ತಿಯ ಸ್ಕರ್ಟು, ಹೆಗಲಿಗೆ ಶಾಲು, ಎಣ್ಣೆ ಹಚ್ಚಿ ಹೆಣೆದ ಜಡೆ. ಯಾರೂ ತಿರುಗಿ ನೋಡಲಿಲ್ಲ. ಬಸ್‌ಸ್ಟಾಪಿನಲ್ಲಿ ಒಬ್ಬ ನನ್ನನ್ನೇ ದಾರಿ ಕೇಳಿದ. ಬಿಳಿಯ ಪ್ರವಾಸಿಗಳು ನನ್ನ ಫೋಟೋ ತೆಗೆದುಕೊಂಡರು. ಮೊದಲ ದಿನ ಒಳಗೊಳಗೇ ಹಿಗ್ಗಿದೆ. ಎರಡನೆಯ ದಿನದ ಹೊತ್ತಿಗೆ ಹಿಗ್ಗು ಇಳಿಯಿತು. ಬಾಯಿ ಬಿಟ್ಟರೆ ಗುಟ್ಟು ಹೊರಬೀಳುತ್ತದೆಂದು ತಲೆಯಾಡಿಸುತ್ತ, ಬೆರಳು ತೋರಿಸುತ್ತ ದಿನ ಕಳೆದೆ. ರಾತ್ರಿ ಮಲಗುವಾಗ, ಬೆಳಗಿನಿಂದ ಒಂದೇ ಒಂದು ಮಾತೂ ಆಡಿಲ್ಲ ಎಂದು ಹೊಳೆಯಿತು. ಬರ್ಕ್ಲಿಯಲ್ಲೂ ಎಷ್ಟೋ ಶನಿವಾರ ಭಾನುವಾರಗಳು ಹೀಗೇ ಕಳೆಯುತ್ತವಲ್ಲ ಎನಿಸಿ ದಿಂಬಿಗೆ ಮುಖ ಒತ್ತಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತು, ಝಳಝಳ ಬಿಸಿಲು. ಸಂತೆಯಲ್ಲಿ ಹೂವಿನ ಅಂಗಡಿಯ ಪಕ್ಕ ಒಬ್ಬ ಮುದುಕಿ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಾನು ಹಾದುಹೋಗುವಾಗ ಶಾಲಿನ ತುದಿ ಹಿಡಿದು ನಿಲ್ಲಿಸಿದಳು. ನನ್ನ ಮುಖ ನೋಡಿ ಏನೋ ಗದರಿದಳು. ಬುಟ್ಟಿಯಿಂದ ಬಟ್ಟೆ ಸುತ್ತಿದ ಒಂದು ಗಂಟನ್ನು ತೆಗೆದು ನನ್ನ ಕೈಗಿಟ್ಟಳು. ದುಡ್ಡು ಕೊಡಹೋದರೆ ಕೈ ಅಡ್ಡ ಹಿಡಿದಳು. ಬೇರೆ ಯಾರೋ ಎಂದುಕೊಂಡು ನನಗೆ ಕೊಡುತ್ತಿದ್ದಾಳೆ ಎಂದು ಗೊತ್ತಾಯಿತು. ಆದರೂ ಗಂಟನ್ನು ಹಿಂದೆ ಕೊಡಲಿಲ್ಲ. ನನ್ನನ್ನು ಯಾರಾದರೂ ತಮ್ಮವಳೆಂದು ಗದರಿ ಎಷ್ಟೋ ವರ್ಷಗಳಾಗಿದ್ದವು.

ಹೂವಿನ ಹೆಂಗಸು ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಹೋಟೆಲಿನ ಕೆಲಸ ಮಾಡಿದ್ದವಳು, ಇಂಗ್ಲಿಷ್ ಬರುತ್ತಿತ್ತು. "ನೀನು ತಿಂದಿಲ್ಲವಂತೆ. ತಿನ್ನಬೇಕಂತೆ," ಎಂದಳು. ಮುದುಕಿ ಮತ್ತೇನೋ ಸೇರಿಸಿದಳು. ಹೂವಿನವಳು ನಕ್ಕು, "ಡಬ್ಬಿ ನಾಳೆ ತಂದುಕೊಡಬೇಕಂತೆ. ಖಾಲಿಯೇ ತಾ, ಪರವಾಗಿಲ್ಲ ಅನ್ನುತ್ತಿದ್ದಾಳೆ," ಎಂದಳು.

ಚರ್ಚಿನ ಮೆಟ್ಟಿಲ ಮೇಲೆ ಕೂತು ಬಟ್ಟೆ ಬಿಚ್ಚಿದೆ. ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕನ್ನಡದಲ್ಲಿ 'ವಿಮಲಾ'. ಕೊನೆಯ ಅಕ್ಷರದಿಂದ ಅಂಚಿನವರೆಗೆ ಜಾರಿದ ಗೆರೆ.

ನಾನು ಆ ಗೆರೆಯ ಮೇಲೆ ಉಗುರು ಆಡಿಸಿದೆ. ಮುಚ್ಚಳ ತೆಗೆದೆ. ಒಳಗೆ ಜೋಳದ ಸಿಪ್ಪೆಯಲ್ಲಿ ಸುತ್ತಿದ ನಾಲ್ಕು ತಮಾಲೆಗಳಿದ್ದವು. ಆ ಊರಿನಲ್ಲಿ ಎಲ್ಲರೂ ತಿನ್ನುವ, ಮುಸುಕಿನ ಜೋಳದ ಹಿಟ್ಟಿನ ಕಡುಬು. ಇನ್ನೂ ಬಿಸಿಯಾಗಿತ್ತು. ನಾನು ನಾಲ್ಕನ್ನೂ ತಿಂದೆ. ಅಳುತ್ತಲೇ ತಿಂದೆ. ಹೋಗಿಬರುವವರು ನೋಡಲಿ ಬಿಡಲಿ, ಆಗ ಯಾವ ವಿಡಿಯೋದ ಪಾಠವೂ ನೆನಪಿರಲಿಲ್ಲ. ತಿಂದು ಮುಗಿಸಿ ಸಂತೆಗೆ ಓಡಿದೆ. ಮುದುಕಿ ಎದ್ದುಹೋಗಿದ್ದಳು. ನಾಳೆ ಎಂದಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ನಾನು ಮಾಡಿದ್ದನ್ನು ಕೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಖಾಲಿಯೇ ತಾ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನನಗೆ ಮನಸ್ಸಾಗಲಿಲ್ಲ. ಡಬ್ಬಿಗೆ ಏನಾದರೂ ಸಿಹಿ ಹಾಕಿಕೊಂಡು ಹೋಗೋಣವೆಂದು ಮಿಠಾಯಿ ಅಂಗಡಿಯ ಮುಂದೆ ನಿಂತೆ. ಬಾಗಿಲು ತೆಗೆದಾಗ ಹನ್ನೊಂದೂವರೆ. ಮಿಠಾಯಿ ತುಂಬಿಕೊಂಡು ಸಂತೆಗೆ ಹೋದರೆ ಹೂವಿನ ಅಂಗಡಿಯ ಪಕ್ಕದ ಜಾಗ ಖಾಲಿ.

"ಬೆಳಿಗ್ಗೆಯಿಂದ ಕಾದು ಈಗಷ್ಟೇ ಹೋದಳು," ಎಂದಳು ಹೂವಿನವಳು. ಮನೆ ಎಲ್ಲಿ ಎಂದು ಕೇಳಿದೆ. ಅವಳು ವಿಚಿತ್ರವಾಗಿ ನೋಡಿದಳು. "ಅವಳು ಈ ಊರಿನವಳಲ್ಲ. ಮಾತೂ ನಮ್ಮ ಕಡೆಯದಲ್ಲ, ನನಗೆ ಅರ್ಧ ಅರ್ಥವಾದರೆ ಹೆಚ್ಚು. ನಿನ್ನೆಯೇ ಮೊದಲ ಸಲ ನೋಡಿದ್ದು. ನಿಮ್ಮ ಪೈಕಿಯವಳೇ ಅಂದುಕೊಂಡಿದ್ದೆ." ಸಂಜೆಯವರೆಗೂ ಊರೆಲ್ಲ ಸುತ್ತಿದೆ. ರಾತ್ರಿಯ ವಿಮಾನಕ್ಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದೆ.

ಈ ಸಲ ಶನಿವಾರಕ್ಕೆ ಕಾಯಲಿಲ್ಲ. ಮಿಠಾಯಿಯನ್ನು ವಿಮಾನ ನಿಲ್ದಾಣದಲ್ಲಿ ಯಾರಿಗೋ ಕೊಟ್ಟು, ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿಯೇ ತೆಗೆದುಕೊಂಡು ಡ್ಯಾನ್‌ವಿಲ್‌ಗೆ ಹೋದೆ. ಅದೇ ಮೇಲಿನ ಮಹಡಿ. ಶ್ವೇತಾ ಬಾಗಿಲು ತೆಗೆದು, "ಓ ಮೈ ಗಾಡ್, ಆಂಟಿ!" ಎಂದಳು. ಆಮೇಲೆ ದನಿ ತಗ್ಗಿಸಿ, "ಅಮ್ಮಂಗೆ ಮೆಮೊರಿ ಪ್ರಾಬ್ಲಮ್ ಆಂಟಿ, ಟೂ ಇಯರ್ಸ್ ಆಯ್ತು. ನಿಮ್ಮನ್ನ ರೆಕಗ್ನೈಸ್ ಮಾಡಲ್ಲ, ಬೇಜಾರ್ ಮಾಡ್ಕೋಬೇಡಿ," ಎಂದಳು.

ವಿಮಲಕ್ಕ ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ನೋಡಿ ಅಪರಿಚಿತರಿಗೆ ಮಾಡುವಂತೆ ಕೈಮುಗಿದರು. ಗೊತ್ತಿಲ್ಲದ ಊರಿನಲ್ಲಿ ಒಬ್ಬ ಮುದುಕಿಗೆ ನಾನು ಸ್ವಂತದವಳಾಗಿದ್ದೆ. ಇಲ್ಲಿ ಹೊಸಬಳಾದೆ. ಡಬ್ಬಿಯನ್ನು ಅವರ ಮಡಿಲಿಗಿಟ್ಟೆ.

ಅವರ ಬೆರಳು ನೇರವಾಗಿ ಆ ಗೆರೆಯ ಮೇಲೆ ಹೋಯಿತು. ನಕ್ಕರು. "ಸೀನು ಬಂದದ್ದು ಅವನಿಗೆ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಇದು ನನ್ನದು. ಒಬ್ಬಳು ಹುಡುಗಿಗೆ ಕೊಟ್ಟದ್ದು. ಪಾಪ, ಗಂಡ ಬಿಟ್ಟುಹೋಗಿದ್ದ. ಎಂತದೂ ತಿನ್ನುತ್ತಿರಲಿಲ್ಲ ಅವಳು. ನಿಮಗೆ ಅವಳ ಗುರ್ತ ಉಂಟಾ?"

"ಉಂಟು," ಎಂದೆ. ಅವರ ಮಾತೇ ನನ್ನ ಬಾಯಲ್ಲೂ ಬಂತು.

"ತಿಂದಳಾ ಅವಳು?"

"ತಿಂದಳು ವಿಮಲಕ್ಕ. ಒಂದೂ ಬಿಡಲಿಲ್ಲ."

ಅವರು ಮುಚ್ಚಳ ತೆಗೆದು ಒಳಗೆ ನೋಡಿದರು. ಬೆರಳಿನಿಂದ ತಳ ಸವರಿದರು. "ಹೌದು, ಖಾಲಿ ಉಂಟು," ಎಂದು ದೊಡ್ಡ ಉಸಿರು ಬಿಟ್ಟರು. ಏಳು ವರ್ಷದ ಹಿಂದೆ ನನ್ನ ಬಾಗಿಲಲ್ಲಿ ನಿಂತ ಆ ಮುಖದಲ್ಲಿದ್ದ ಆತಂಕ ಈಗ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಕಾದದ್ದು ಇಷ್ಟಕ್ಕೇ. ನನ್ನ ಕೇಸರಿಬಾತು ಯಾರಿಗೆ ಬೇಕಿತ್ತು?

ದಾನಕ್ಕೆ ಕೊಟ್ಟ ಸಾಮಾನು ಇಲ್ಲಿಂದ ಮೆಕ್ಸಿಕೋಗೆ ಹೋಗುವುದುಂಟು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಯಾರೋ ಕೊಂಡಿರಬಹುದು, ಯಾವುದೋ ಲಾರಿಯಲ್ಲಿ ಹೋಗಿರಬಹುದು. ಡಬ್ಬಿ ಅಲ್ಲಿಗೆ ಹೋದದ್ದನ್ನು ಹೇಗಾದರೂ ವಿವರಿಸಿಕೊಳ್ಳಬಲ್ಲೆ. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ಜನರ ಸಂತೆಯಲ್ಲಿ, ಅದು ನನ್ನ ಕೈಗೇ ಬಂದದ್ದನ್ನು ವಿವರಿಸಲಾರೆ. ನಾನು ತಿಂದಿಲ್ಲವೆಂದು ಆ ಮುದುಕಿಗೆ ಹೇಳಿದವರು ಯಾರು? ಈ ಸ್ಯಾಂಪಲನ್ನು ನಾಲ್ಕು ವರ್ಷದಿಂದ ಮತ್ತೆ ಮತ್ತೆ ಪರೀಕ್ಷಿಸಿದ್ದೇನೆ. ಪ್ರತಿ ಸಲವೂ ಅದೇ ಫಲಿತಾಂಶ.

ಈಗ ತಿಂಗಳಿಗೊಮ್ಮೆ ಡ್ಯಾನ್‌ವಿಲ್‌ಗೆ ಹೋಗಿಬರುತ್ತೇನೆ. ಹೋದಾಗಲೆಲ್ಲ ವಿಮಲಕ್ಕನಿಗೆ ನಾನು ಹೊಸಬಳೇ. ಕೈಮುಗಿದು ಯಾವ ಊರು ಎಂದು ಕೇಳುತ್ತಾರೆ, ಡಬ್ಬಿ ತೋರಿಸುತ್ತಾರೆ, ಆ ಹುಡುಗಿ ಪೂರ್ತಿ ತಿಂದಳಂತೆ ಎಂದು ಹೇಳುತ್ತಾರೆ. ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ, "ಆ ಹುಡುಗಿ ಸಿಕ್ಕಿದರೆ ಒಮ್ಮೆ ಬಂದುಹೋಗಲಿಕ್ಕೆ ಹೇಳಿ," ಎನ್ನುತ್ತಾರೆ.

ಹೇಳ್ತೀನಿ ವಿಮಲಕ್ಕ, ಎನ್ನುತ್ತೇನೆ.