ಬರೆದ ಹಾಳೆ, ಖಾಲಿ ಹಾಳೆ

ನಮ್ಮ ದೊಡ್ಡವ್ವ ನಿಂತುಕೊಂಡೇ ಬರೆಯುತ್ತಿದ್ದಳು. ಮಾಂಬಳ್ಳಿಯ ಮನೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ ಆಕೆಯ ಎದೆಯೆತ್ತರಕ್ಕಿತ್ತು. ಅದರ ಮುಚ್ಚಳದ ಮೇಲೆ ನೋಟುಬುಕ್ಕು, ಕೈಯಲ್ಲಿ ಬೆರಳುದ್ದದ ಪೆನ್ಸಿಲ್ಲು. "ಕುಂತ್ಕಂಡ್ರೆ ಸೋಮಾರಿ ಅಂತಾರೆ ಕಣವ್ವ. ನಿಂತಿದ್ರೆ ಏನೋ ಕೆಲ್ಸ ಮಾಡ್ತಾವ್ಳೆ ಅಂದ್ಕಂಡು ಸುಮ್ಕಾಯ್ತಾರೆ" ಎನ್ನುತ್ತಿದ್ದಳು.

ವರ್ಷಗಟ್ಟಲೆ ಬರೆದದ್ದು ಒಂದೇ ಕಥೆ. ಶರಣರ ಕಾಲದಲ್ಲಿ ವಚನ ಬರೆದ ಒಬ್ಬ ಹೆಂಗಸು ಈಗ ನಮ್ಮೂರಿಗೆ ಸೊಸೆಯಾಗಿ ಬಂದರೆ ಹೇಗೆ ಬದುಕುತ್ತಾಳೆ, ಯಾವಾಗ ಬರೆಯುತ್ತಾಳೆ? ಕೊಳ್ಳೇಗಾಲದಲ್ಲಿ ಓದುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಅವಳಿಗೆ ನೋಟುಬುಕ್ಕು ತರುತ್ತಿದ್ದೆ. ಮನೆಯಲ್ಲಿ ರೇಷ್ಮೆ ಸಾಕಣೆ, ಹುಳಕ್ಕೆ ಹೊತ್ತುಹೊತ್ತಿಗೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು. "ನನ್ ಕತೆ ಸೊಸೆ ಬಂದೇಟ್ಗೆ ಏನ್ ಕೇಳ್ತಾಳೆ ಗೊತ್ತಾ? ಉಳಕ್ಕೆ ಸೊಪ್ಪಾಕೋದು ಎಷ್ಟೊತ್ಗೆ ಮುಗೀತದೆ ಅತ್ತೆಮ್ಮ ಅಂತಾಳೆ. ಮುಗಿಯಾಕಿಲ್ಲ ಅಂತ ಅವ್ಳ್ಗೇನು ಗೊತ್ತು" ಎಂದು ನಗುತ್ತಿದ್ದಳು.

ದೊಡ್ಡಪ್ಪ ಅಂಥ ಶರಣೆಯರ ವಚನಗಳನ್ನೇ ಮಠದಲ್ಲಿ ಕಣ್ಣು ತುಂಬಿಕೊಂಡು ಹಾಡುತ್ತಿದ್ದ. ತನ್ನ ಮನೆಯಲ್ಲೊಬ್ಬಳು ಬರೆಯುತ್ತಾಳೆಂದರೆ ಮಾತ್ರ ಆತನಿಗೆ ತಮಾಷೆ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂದು ರಜೆಯಲ್ಲಿ, ದೊಡ್ಡವ್ವ ತಂಗಿಯ ಬಾಣಂತನಕ್ಕೆಂದು ಹನೂರಿಗೆ ಹೋಗಿದ್ದಳು. ನಾನೂ ಜೊತೆಗಿದ್ದೆ. ಇತ್ತ ರೇಷ್ಮೆ ಮೊಟ್ಟೆಗಳು ಎರಡು ದಿನ ಮೊದಲೇ ಒಡೆದುಬಿಟ್ಟವು. ಮರಿಹುಳಕ್ಕೆ ತಟ್ಟೆಯಲ್ಲಿ ಕಾಗದ ಹಾಸಬೇಕು, ಮನೆಯಲ್ಲಿ ಕಾಗದವಿರಲಿಲ್ಲ. ದೊಡ್ಡಪ್ಪ ಅವಳ ನೋಟುಬುಕ್ಕುಗಳನ್ನು ಬಿಚ್ಚಿ ಹಾಸಿದ. ನಾವು ಬರುವಷ್ಟರಲ್ಲಿ ಅಕ್ಷರದ ಮೇಲೆಲ್ಲ ಹಿಕ್ಕೆ, ಸೊಪ್ಪಿನ ರಸ.

"ಬರ್ದಿರೋ ಆಳೆ ಮಾತ್ರ ತಕಂಡಿವ್ನಿ. ಖಾಲಿ ಆಳೆ ಎಲ್ಲಾ ಅಂಗೇ ಮಡಗಿವ್ನಿ, ಬರ್ಕಳ್ಲಿ" ಎಂದ ಮಹಾನುಭಾವ, ಉಪಕಾರ ಮಾಡಿದವನ ಹಾಗೆ.

"ತಟ್ಟೆ ಕೌಚಾಕು ದೊಡ್ಡವ್ವ" ಎಂದೆ ನಾನು.

"ಉಳ ಏನ್ ಮಾಡವೆ ಬುಡು ಮಗ" ಎಂದು ಸೊಪ್ಪು ಹೆಚ್ಚಲು ಕೂತಳು. ಆಮೇಲೆ ಪೆನ್ಸಿಲ್ ಮುಟ್ಟಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಯಳಂದೂರಿನ ಶಾಲೆಯಲ್ಲಿ ಮೇಡಂ ಆಗಿದ್ದೆ. ಒಂದು ಭಾನುವಾರ ಮಾಂಬಳ್ಳಿಗೆ ಹೋದಾಗ ದೊಡ್ಡವ್ವ ಜ್ವರದಲ್ಲಿ ಮಲಗಿದ್ದಳು. ಆ ಕಥೆ ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದು ಹಠ ಹಿಡಿದೆ. ಮಲಗಿದಲ್ಲೇ ಶುರು ಮಾಡಿದಳು. ನಾಲ್ಕು ಸಾಲಾಯಿತು. ಒಂದೂ ಮರೆತಿರಲಿಲ್ಲ. ಐದನೆಯದಕ್ಕೆ ಬಾಯಿ ತೆರೆದಳು. ಜಗುಲಿಯಿಂದ ದೊಡ್ಡಪ್ಪ ಕೂಗಿದ: "ಸೊಪ್ಪಿನ ಗಾಡಿ ಬಂತು ಕಣಮ್ಮೀ."

ಗೋಡೆ ಹಿಡಿದು ಎದ್ದಳು. "ಇರು ಮಗ, ಬಂದೆ" ಎಂದಳು.

ಸೊಪ್ಪು ಇಳಿಸಿ, ಹುಳಕ್ಕೆ ಹಾಕಿ ಬರುವಷ್ಟರಲ್ಲಿ ಜ್ವರ ಏರಿ ಮಾತು ತೊದಲುತ್ತಿತ್ತು. ಆ ವಾರವೇ ತೀರಿಕೊಂಡಳು.

ದೊಡ್ಡಪ್ಪನನ್ನು ನಾನು ಬಯ್ಯದ ದಿನವಿಲ್ಲ. ಆದರೆ ಅವತ್ತು ಆ ಸೊಪ್ಪನ್ನು ನಾನೇ ಹೋಗಿ ಇಳಿಸಬಹುದಿತ್ತು. ಐದನೇ ಸಾಲಿಗೆ ಕಾಯುತ್ತ, ಪೆನ್ನು ಹಿಡಿದು, ಕೂತೇ ಇದ್ದೆ.