ಎದುರುಮನೆ ಅತ್ತೆಯ ಗಾಡಿಯ ಸೂರು

ಬಚ್ಚಲಿನ ಟೈಲ್ಸ್ ಸಂದಿ ತುಂಬಲು ಬಂದವರು ಎಪಾಕ್ಸಿ ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಹೊಡೆದದ್ದೇ, ರಾಮನಗರದ ಮನೆಯಲ್ಲಿದ್ದವಳು ನಮ್ಮೂರು ಕೈಲಾಂಚದ ಎದುರುಮನೆಯ ಅಂಗಳಕ್ಕೆ ಹೋಗಿಬಿಟ್ಟೆ... ಟೆಂಪೊದ ಸೂರಿನ ಮೇಲೆ ಅತ್ತೆ, ಏಣಿಯ ಬುಡದಲ್ಲಿ ನಾನು.

ಅತ್ತೆ ಎಂದರೆ ನೆಂಟರಲ್ಲ, ಎದುರುಮನೆಯವರು. ಮಾವ ತೆಂಗಿನಮರದಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅವರ ಟೆಂಪೊ ಓಡಿಸುವುದನ್ನು ತಾವೇ ಕಲಿತು, ಊರವರ ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಮಾವನಿಗೆ ಕೂರಲಾಗುತ್ತಿರಲಿಲ್ಲ, ಮಲಗಿಯೇ ಇರಬೇಕು. ಒಮ್ಮೆ ಟೀವಿಯಲ್ಲಿ ಸಮುದ್ರ ಕಂಡು, "ಇದೊಂದ ನೋಡ್ನಿಲ್ಲ ಕಣೆ" ಅಂದರಂತೆ. ಅಷ್ಟಕ್ಕೇ ಅತ್ತೆ, ಮಲಗಿಸಿಯೇ ಕಡಲಿಗೆ ಕರೆದೊಯ್ಯಲೆಂದು, ಟೆಂಪೊದ ಹಿಂದೆ ಪ್ಲೈವುಡ್ಡಿನ ಕೋಣೆ ಕಟ್ಟಿಸಿ ಮಂಚ ಕೂರಿಸಿದರು. ಮೊದಲ ಮಳೆಗೇ ಸೂರು ನೀರು ಕುಡಿದು ಉಬ್ಬಿತು. ಹೊಸ ಹಲಗೆ ಹಾಕಿಸಿ, ಈ ಸಲ ಫೈಬರ್ ಬಟ್ಟೆ ಹಾಸಿ ಎಪಾಕ್ಸಿ ಬಳಿಯಲು ನಿಂತರು.

ಬೆಳಿಗ್ಗೆ ಬಿಸಿಲಿತ್ತು. ಎಪಾಕ್ಸಿಯ ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ನಾನು ಮೇಲೆ ಕೊಡುವುದು, ಅತ್ತೆ ಅದನ್ನು ಬಟ್ಟೆಯ ಮೇಲೆ ಸುರಿದು ರೋಲರಿನಲ್ಲಿ ಒತ್ತುವುದು. ಬಿಳಿ ಬಟ್ಟೆ ನೆನೆದಂತೆ ಗಾಜಿನ ಹಾಗಾಗಿ ಹಲಗೆಯ ಗೆರೆಗಳು ಕಾಣುತ್ತಿದ್ದವು. ಅರ್ಧ ಮುಗಿದಿರಬೇಕು, ಜಗುಲಿಯಿಂದ ಮಾವ ಕೂಗಿದರು.

"ಪಡುವ್ಲಾಗೆ ಮೋಡ ಕಟ್ತಾ ಐತೆ, ನಿಲ್ಸಿ!"

ನಿಲ್ಲಿಸುವಂತಿರಲಿಲ್ಲ. ಅರ್ಧ ಅಂಟಿದ ಬಟ್ಟೆಯ ಅಡಿಗೆ ನೀರು ಹೊಕ್ಕರೆ ಈ ಹಲಗೆಯೂ ಕೊಳೆಯುತ್ತಿತ್ತು. "ಜಾಸ್ತಿ ಕಲ್ಸಮ್ಮಿ, ಬೇಗ" ಅಂದರು ಅತ್ತೆ. ಪ್ಲಾಸ್ಟಿಕ್ ಬಕೆಟ್ ತುಂಬ ಕಲಸಿದೆ. ಆ ಪದಾರ್ಥ ರಾಶಿಯಾಗಿ ನಿಂತರೆ ತಾನೇ ಬಿಸಿಯೇರುತ್ತದೆ. ನೋಡುತ್ತಿದ್ದಂತೆ ಹೊಗೆ ಎದ್ದಿತು, ಬಕೆಟ್ಟಿನ ತಳ ಮೆತ್ತಗಾಗಿ ಜಗ್ಗಿತು. ಅತ್ತೆ ಸರಸರನೆ ಇಳಿದು ಬಂದು, ಬಕೆಟ್ಟನ್ನು ಸೆರಗು ಸುತ್ತಿ ಹಿಡಿದು ಬೇಲಿಯಾಚೆ ಎಸೆದರು. ಬಲಗೈ ಬೆಂದಿತ್ತು.

"ಬುಟ್ಬುಡಿ ಅತ್ತೆ, ಕೈ ನೋಡಿ."

"ಕೈ ಆಮೇಲೆ ನೋಡ್ಕಂಬವ. ಡಬ್ಬೀಲಿ ಇನ್ನೊಸಿ ಐತೆ. ಅಗಲ ತಟ್ಟೇಲಿ ತೆಳ್ಳಗೆ ಕಲ್ಸು."

ಗುಡುಗು ಹತ್ತಿರವಾಗುತ್ತಿತ್ತು. ಅತ್ತೆ ಮತ್ತೆ ಮೇಲೇರಿ ಎಡಗೈಯಲ್ಲಿ ರೋಲರ್ ಹಿಡಿದರು. ಗಾಳಿ ಬಟ್ಟೆಯ ತುದಿಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ನಾನೂ ಏಣಿ ಹತ್ತಿ ಅದನ್ನು ಹಿಡಿದುಕೊಂಡೆ. ಕೊನೆಯ ಅಂಚು ಒತ್ತಿ, ಸೂರಿಗೆ ತಾಗದಂತೆ ಬಿದಿರು ಬಗ್ಗಿಸಿ ಟಾರ್ಪಾಲು ಕಟ್ಟುವಷ್ಟರಲ್ಲಿ ದಪ್ಪ ಹನಿ ಬಿತ್ತು.

ಇಡೀ ಮಧ್ಯಾಹ್ನ ಸುರಿಯಿತು. ಜಗುಲಿಯಲ್ಲಿ ಮಾವ ಮಲಗಿದ್ದಲ್ಲಿಂದಲೇ ಅತ್ತೆಯ ಸುಟ್ಟ ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಹಿಡಿದುಕೊಂಡೇ ಇದ್ದರು.

ಮರುದಿನ ಟಾರ್ಪಾಲು ಬಿಚ್ಚಿದೆವು. ಒಂದು ಮೂಲೆ ಮಾತ್ರ ತೇವ ತಾಗಿ ಬೆಳ್ಳಗೆ ಕೆಟ್ಟಿತ್ತು, ಮಿಕ್ಕಿದ್ದೆಲ್ಲ ಕಲ್ಲು. ಆ ಮೂಲೆಯನ್ನು ಉಜ್ಜಿ ಮತ್ತೆ ಬಳಿದರು. ಮಳೆಗಾಲ ಕಳೆದ ಮೇಲೆ ಇಬ್ಬರೂ ಹೊರಟರು. ಕಡಲ ದಡದಿಂದ ಮಾವ ಫೋನ್ ಮಾಡಿದ್ದರು: "ಇವ್ಳು ಸೀರೆಯೆಲ್ಲಾ ನೆನೆಸ್ಕಂಡು ಹುಡ್ಗಿ ಹಂಗೆ ಕುಣೀತಾವ್ಳೆ ಕಣವ್ವ..."

ಹೋಗುವುದಿದ್ದರೆ ಮಾವನೇ ಮೊದಲು ಎಂದು ಊರೆಲ್ಲ ಅಂದುಕೊಂಡಿತ್ತು. ಹೋದ ವರ್ಷ ಎದೆನೋವೆಂದು ಕೂತ ಅತ್ತೆ ಮತ್ತೆ ಏಳಲಿಲ್ಲ.

ಮಾವನನ್ನು ಈಗ ಅವರ ತಮ್ಮನ ಮನೆಯವರು ನೋಡಿಕೊಳ್ಳುತ್ತಾರೆ. ಗಾಡಿ ಅಂಗಳದಲ್ಲೇ ನಿಂತಿದೆ. ಕಳೆದ ವಾರ ನಾನು ಹೋದಾಗ, ಒಸಿ ಹೊತ್ತು ಅದರೊಳಗೆ ಮಲಗಿಸಿ ಎಂದರು ಮಾವ. ಎಲ್ಲ ಸೇರಿ ಎತ್ತಿ ಮಲಗಿಸಿದೆವು. ಹೊರಗೆ ಮಳೆ, ಒಳಗೆ ಒಂದು ಹನಿಯೂ ಇಲ್ಲ. ಮಾವ ಮುಂಗಡೆಯ ಸಣ್ಣ ಕಿಟಕಿಯಿಂದ ಅತ್ತೆಯ ಖಾಲಿ ಡ್ರೈವರ್ ಸೀಟನ್ನೇ ನೋಡುತ್ತಿದ್ದರು. ತುಸು ಹೊತ್ತಾದ ಮೇಲೆ, "ಸಾಕು ಕಣವ್ವ, ಇಳ್ಸಿ" ಅಂದರು.